ಎಡದ್ದನ್ನು ಬಲಕ್ಕೆ ಕೂರಿಸಿದ ದಿಂಗಿರಿ ಬಂಡಾ

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಏರುವ ದಾರಿಯಲ್ಲಿ ಅರ್ಧ ಶತಮಾನದ ಹಿಂದಿನ ಮೋರಿಸ್ ಮೈನರ್ ಕಾರುಗಳು ಇವತ್ತಿಗೂ ಹತ್ತಿ ಇಳಿಯುತ್ತಿವೆ ಎಂದರೆ, ಅವುಗಳನ್ನು ಕಟ್ಟಿದ ಇಂಗ್ಲೆಂಡಿನ ಕಾರ್ಖಾನೆಗೆ ಎಷ್ಟು ಶ್ರೇಯಸ್ಸು ಸಲ್ಲುತ್ತದೆಯೋ ಅಷ್ಟೇ ಶ್ರೇಯಸ್ಸು ಒಂದು ಗಾಡಿಯ ಅಂಗವನ್ನು ಇನ್ನೊಂದು ಗಾಡಿಗೆ ಒಗ್ಗಿಸುವ ವಿದ್ಯೆಯನ್ನು ಈ ಗುಡ್ಡಗಳಲ್ಲಿ ಬೆಳೆಸಿದ ಕೆಲವೇ ಕೆಲವು ಕೈಗಳಿಗೂ ಸಲ್ಲಬೇಕು. ಆ ಕೈಗಳಲ್ಲಿ ಮೊದಲನೆಯವು ರತ್ನಾಯಕೆ ಮುದಿಯನ್ಸೆಲಾಗೆ ದಿಂಗಿರಿ ಬಂಡಾ ಅವರವು. ಗಂಪೊಲದ ನಮ್ಮ ತಾಂತ್ರಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಮೋಟಾರು ವಿಭಾಗದ ಬೋಧಕರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯಿರಿ ಎಂದು ಅಭಿನಂದನಾ ಗ್ರಂಥದ ಸಮಿತಿಯವರು ಕೇಳಿದಾಗ ನನಗೆ ಹೆಮ್ಮೆಯೂ ಆಯಿತು, ಎದೆಯಲ್ಲಿ ಸಣ್ಣದೊಂದು ಅಳುಕೂ ಆಯಿತು. ಹೆಮ್ಮೆಗೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಅಳುಕಿಗೆ ಕಾರಣವನ್ನು ಈ ಲೇಖನದಲ್ಲಿ ಹೇಳಬೇಕಾಗಿದೆ.

ಅವರು ಶಾಲೆಗೆ ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತರಲ್ಲಿ, ಬಸ್ ಡಿಪೋದ ಕೆಲಸ ಬಿಟ್ಟು. ಹೊರದೇಶದಿಂದ ಬಿಡಿಭಾಗಗಳು ಬರುವುದು ಹೆಚ್ಚು ಕಡಿಮೆ ನಿಂತೇಹೋಗಿದ್ದ ಕಾಲವದು. ಪಾಠದ ಪುಸ್ತಕದಲ್ಲಿ ಸವೆದ ಭಾಗವನ್ನು ತೆಗೆದು ಹೊಸದನ್ನು ಹಾಕಬೇಕು ಎಂದು ಬರೆದಿತ್ತು. ಹೊಸದು ಎಲ್ಲಿಂದ ತರಬೇಕು ಎಂಬುದನ್ನು ಬರೆದವರು ಹೇಳಿರಲಿಲ್ಲ. ಬಂಡಾ ಅವರು ಪುಸ್ತಕವನ್ನು ಕಪಾಟಿನಲ್ಲಿಟ್ಟು, ಹುಡುಗರನ್ನು ಗುಜರಿಗೆ ಕರೆದುಕೊಂಡು ಹೋದರು. ಲಾರಿಯ ನೀರಿನ ಪಂಪು ವ್ಯಾನಿಗೆ ಕೂರುವುದೇ, ಟ್ರ್ಯಾಕ್ಟರಿನ ಸೀಲು ಕಾರಿಗೆ ಹೊಂದುವುದೇ ಎಂದು ಅಳೆಯುವುದೇ ಮೊದಲ ಎರಡು ತಿಂಗಳ ಪಾಠ. ಎಡಗೈಯವನಾದ ಒಬ್ಬ ವಿದ್ಯಾರ್ಥಿ ಅರದಿಂದ ಉಕ್ಕು ಉಜ್ಜುವ ಕೆಲಸದಲ್ಲಿ ಎರಡು ಸಲ ಅನುತ್ತೀರ್ಣನಾದಾಗ, ಇಡೀ ಬೆಂಚನ್ನು ಕಿತ್ತು, ಉಕ್ಕನ್ನು ಕಚ್ಚಿ ಹಿಡಿಯುವ ಹಿಡಿಕಟ್ಟನ್ನು ಇನ್ನೊಂದು ತುದಿಗೆ ಜೋಡಿಸಿ, "ನೀನಲ್ಲಪ್ಪ, ಬೆಂಚು ಫೇಲಾಗಿದ್ದು" ಎಂದು ಅವನನ್ನು ಮತ್ತೆ ನಿಲ್ಲಿಸಿದವರು ಅವರು. ಆ ವಿದ್ಯಾರ್ಥಿ ಇವತ್ತು ಮಾತಲೆಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾನೆ.

ನಾನು ಲೇತ್ ವಿಭಾಗಕ್ಕೆ ಬೋಧಕನಾಗಿ ಸೇರಿದ್ದು ಎಪ್ಪತ್ತೊಂಬತ್ತರಲ್ಲಿ. ವಯಸ್ಸಿನಲ್ಲಿ ಅವರಿಗಿಂತ ಎಂಟು ವರ್ಷ ಚಿಕ್ಕವನು, ಜಂಬದಲ್ಲಿ ಮಾತ್ರ ಅವರಿಗಿಂತ ಬಹಳ ದೊಡ್ಡವನು. ಕೂದಲೆಳೆಯ ಅರ್ಧದಷ್ಟು ವ್ಯತ್ಯಾಸವೂ ಇಲ್ಲದಂತೆ ಉಕ್ಕನ್ನು ಕಡೆಯಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಬಂಡಾ ಅವರು ಅದನ್ನು ತಾಳ್ಮೆಯಿಂದ ಕೇಳಿಸಿಕೊಂಡು, "ಕಡೀತೀಯ ತಮ್ಮಾ, ಆದ್ರೆ ಏನಕ್ಕೆ ಅಂತ ಕೇಳ್ಕೊಂಡು ಕಡೀಬೇಕು" ಎನ್ನುತ್ತಿದ್ದರು. ನಮ್ಮಿಬ್ಬರ ಹೆಸರೂ ಸೇರಿಕೊಂಡಿರುವ ಕೆಲಸ ಒಂದೇ ಒಂದು. ಅದು ಸಾವಿರದ ಒಂಬೈನೂರ ಎಂಬತ್ತಾರರ ಮೋರಿಸ್ ಮೈನರ್.

ಆ ಕಾರು ಏಕನಾಯಕೆ ಮಿಸ್ಸಿಯವರದು. ರಂಬೊಡ ಕಣಿವೆಯ ಮೇಲಿನ ಚಹಾ ತೋಟಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ನರ್ಸು ಅವರು. ತಂದೆ ಬಿಟ್ಟುಹೋದ ಆ ಕಾರಿನಲ್ಲಿ ವಾರಕ್ಕೆ ಮೂರು ದಿನ ಮೇಲೆ ಹೋಗಿ ಕೆಳಗೆ ಬರುತ್ತಿದ್ದರು. ನಾಲ್ಕೂ ಚಕ್ರಕ್ಕೆ ಹಳೆಯ ಕಾಲದ ಡ್ರಮ್ ಬ್ರೇಕು. ಉದ್ದ ಇಳಿಜಾರಿನಲ್ಲಿ ಒತ್ತುತ್ತಾ ಬಂದರೆ ಡ್ರಮ್ ಕಾದು ಹಿಡಿತ ಸೋಲುತ್ತಿತ್ತು. ಆ ವರ್ಷ ಎರಡು ಸಲ ಅವರು ಕಾರನ್ನು ಗುಡ್ಡದ ಮಗ್ಗುಲಿಗೆ ಒರೆಸಿ ನಿಲ್ಲಿಸಿದ್ದರು.

"ಹತ್ತೋವಾಗ ಹಾಡು ಹೇಳ್ಕೊಂಡು ಹೋಗ್ತೀನಿ ಬಾಸ್, ಇಳಿಯೋವಾಗ ಪಿರಿತ್ ಹೇಳ್ಕೊಂಡು ಬರ್ತೀನಿ" ಎಂದು ಅವರು ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪಿರಿತ್ ಎಂದರೆ ಕೇಡು ತಟ್ಟದಿರಲೆಂದು ಭಿಕ್ಷುಗಳು ಪಠಿಸುವ ಮಂತ್ರ. "ಈ ತಿಂಗಳು ಮೇಲೆ ತೋಟದ ಕೂಲಿಗಳ ಸಾಲುಮನೆಗಳಲ್ಲಿ ಏಳು ಜನ ತುಂಬಿದ ಬಸುರಿಯರಿದ್ದಾರೆ. ನಂಗೆ ಬ್ರೇಕು ಬೇಕು."

ಬಂಡಾ ಅವರು ಕಾರಿನ ಸುತ್ತ ಒಂದು ಸುತ್ತು ಬಂದು, "ಕೊಡೋಣ" ಎಂದರು.

ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕು ಹಾಕುವುದೆಂದು ತೀರ್ಮಾನವಾಯಿತು. ಡಿಸ್ಕ್ ಬ್ರೇಕೆಂದರೆ ಚಕ್ರದ ಜೊತೆ ತಿರುಗುವ ಒಂದು ಉಕ್ಕಿನ ತಟ್ಟೆ. ಆ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಉಕ್ಕಿನ ಕೈಗೆ ಕ್ಯಾಲಿಪರ್ ಎನ್ನುತ್ತಾರೆ. ಮೋರಿಸ್ಸಿಗೆ ಹುಟ್ಟಿನಿಂದ ಅದು ಬಂದದ್ದಲ್ಲ. ಕೊಲಂಬೊದ ಪಂಚಿಕಾವತ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲು ಸಾಲು ಅಲೆದು, ಅರ್ಧಕ್ಕೆ ಕತ್ತರಿಸಿ ಹಡಗಿನಲ್ಲಿ ಬಂದಿದ್ದ ಯಾವುದೋ ಜಪಾನಿ ಕಾರಿನ ಮುಂಭಾಗವನ್ನು ಬಂಡಾ ಅವರು ಆರಿಸಿ ತಂದರು. ಅದರಿಂದ ತಟ್ಟೆಗಳನ್ನೂ ಕ್ಯಾಲಿಪರುಗಳನ್ನೂ ಬಿಚ್ಚಿದೆವು. ಮೋರಿಸ್ಸಿನ ಚಕ್ರದ ನಡುಗುಂಬವಾದ ಹಬ್ಬಿಗೆ ತಟ್ಟೆ ಕೂರುವಂತೆ ನಡುವಿನ ಬಳೆಯನ್ನು ನಾನು ಕಡೆದೆ. ಕ್ಯಾಲಿಪರ್ ನಿಲ್ಲಲು ಬೆರಳು ದಪ್ಪದ ಉಕ್ಕಿನ ಹಲಗೆಯಿಂದ ಆಧಾರಗಳನ್ನು ಕೊರೆದೆ. ಅವು ಎಷ್ಟು ಸೊಗಸಾಗಿದ್ದವೆಂದರೆ ಪ್ರಾಂಶುಪಾಲರನ್ನು ಕರೆತಂದು ತೋರಿಸಿದ್ದೆ.

ನಮ್ಮ ಶಾಲೆಯಲ್ಲಿ ಒಂದು ಕಟ್ಟಳೆ. ಯಾವ ಗಾಡಿಯಿಂದ ಏನನ್ನೇ ಬಿಚ್ಚಲಿ, ಬಿಚ್ಚಿದ ಗಳಿಗೆಯಲ್ಲೇ ಅದರ ಮೇಲೆ ಎಡ ಅಥವಾ ಬಲ ಎಂದು ಉಕ್ಕಿನ ಅಚ್ಚಿನಿಂದ ಹೊಡೆಯಬೇಕು. ಆಮೇಲೆ ಎಡದ್ದು ಎಡಕ್ಕೇ ಹೋಗಬೇಕು, ಬಲದ್ದು ಬಲಕ್ಕೇ. ಈ ಶಿಸ್ತಿಗೆ ನಾವು ಸುತ್ತಮುತ್ತ ಹೆಸರುವಾಸಿಯಾಗಿದ್ದೆವು. ಆ ಎರಡು ಕ್ಯಾಲಿಪರುಗಳ ಮೇಲೆ ಅಚ್ಚು ಹೊಡೆದವನು ನಾನು. ಬಂಡಾ ಅವರು ನನ್ನ ಅಚ್ಚನ್ನು ನೋಡಿ, ಎಡದ್ದನ್ನು ಎಡಕ್ಕೂ ಬಲದ್ದನ್ನು ಬಲಕ್ಕೂ ಕೂರಿಸಿದರು. ನಮ್ಮಂಥ ಶಿಸ್ತಿನವರು ಮಾತ್ರ ಮಾಡಬಹುದಾದ ತಪ್ಪು ಅಲ್ಲಿ ಆಯಿತು.

ಜಪಾನಿ ಕಾರಿನಲ್ಲಿ ಕ್ಯಾಲಿಪರ್ ಇದ್ದದ್ದು ಚಕ್ರದ ಆಕ್ಸಲ್ಲಿನ ಹಿಂದೆ. ಮೋರಿಸ್ಸಿನಲ್ಲಿ ಹಿಂದುಗಡೆ ಸ್ಟೀರಿಂಗಿನ ತೋಳು ಅಡ್ಡ ಬರುವುದರಿಂದ ಅದನ್ನು ಆಕ್ಸಲ್ಲಿನ ಮುಂದೆ ಇಡಬೇಕಾಯಿತು. ಹಿಂದಿದ್ದದ್ದು ಅದೇ ಮಗ್ಗುಲಿನಲ್ಲಿ ಮುಂದೆ ಬಂದರೆ ತಲೆಕೆಳಗಾಗುತ್ತದೆ. ಕ್ಯಾಲಿಪರಿನೊಳಗೆ ಎಣ್ಣೆ ತುಂಬುವಾಗ ಗಾಳಿಯನ್ನು ಹೊರಗೆ ಬಿಡಲು ಒಂದು ಪುಟ್ಟ ನಿಪ್ಪಲ್ ಇರುತ್ತದೆ. ಅದು ಮೇಲ್ಗಡೆ ಇರಬೇಕು, ಏಕೆಂದರೆ ಗಾಳಿ ಎಣ್ಣೆಗಿಂತ ಮೇಲೆ ನಿಲ್ಲುತ್ತದೆ. ನಮ್ಮ ಮೋರಿಸ್ಸಿನಲ್ಲಿ ಅದು ಕೆಳಗೆ ಹೋಗಿ ಕುಳಿತಿತ್ತು. ಗಾಳಿ ತೆಗೆಯಲು ನಿಪ್ಪಲ್ ಬಿಚ್ಚಿದಾಗ ಗುಳ್ಳೆಯೇ ಇಲ್ಲದ ಶುದ್ಧ ಎಣ್ಣೆ ಹೊರಬಂತು, ನಾವು ಸಂತೋಷಪಟ್ಟೆವು. ಗಾಳಿ ಮೇಲೆಯೇ ಕುಳಿತಿತ್ತು; ಪೆಡಲ್ ಒತ್ತಿದ ಬಲವನ್ನು ಅದು ಕುಗ್ಗಿ ನುಂಗಿಬಿಡುತ್ತದೆ. ಸರಿಯಾದ ದಾರಿ ಎಂದರೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕುವುದು. ನನ್ನ ಅಚ್ಚು ಹಾಗೆ ಮಾಡಲು ಬಿಡಲಿಲ್ಲ.

ಬಂಡಾ ಅವರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿದರು, ಮತ್ತೆ ಒತ್ತಿದರು.

"ಅರ್ಧ ಇಂಚು ಜಾಸ್ತಿ ಹೋಗ್ತಿದೆ, ಸೋಮೆ."

"ಎಣ್ಣೆ ಹೋಸು ಹೊಸದಲ್ವ ಅಣ್ಣ" ಎಂದೆ ನಾನು. "ರಬ್ಬರು ಎಳೆದುಕೊಳ್ಳುತ್ತೆ. ಎರಡು ದಿನ ಓಡಿದ್ರೆ ಸೆಟ್ಟಾಗುತ್ತೆ."

ಅವರು ಇನ್ನೊಮ್ಮೆ ಒತ್ತಿ ನೋಡಿದರು. ಶಾಲೆಯ ಮೈದಾನದಲ್ಲಿ ಕಾರು ಚೆನ್ನಾಗಿಯೇ ನಿಂತಿತು. ಮಿಸ್ಸಿಗೆ "ಸರಿಯಿದೆ" ಎಂದು ಹೇಳಿದರು.

ಬ್ರೇಕು ಕಟ್ಟಿದವನು ಆ ಗಾಡಿಯ ಮೊದಲ ಇಳಿಜಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರಬೇಕು ಎಂಬುದು ಬಂಡಾ ಅವರು ತಮಗೆ ತಾವೇ ಹಾಕಿಕೊಂಡಿದ್ದ ನಿಯಮ. ಆದ್ದರಿಂದ ಮರುದಿನ ಬೆಳಿಗ್ಗೆ ಮಿಸ್ಸಿ ತೋಟಕ್ಕೆ ಹೊರಟಾಗ, ಸ್ಪ್ಯಾನರುಗಳನ್ನು ಸುತ್ತಿಟ್ಟ ಬಟ್ಟೆಯ ಸುರುಳಿಯನ್ನೂ ಅರ್ಧ ಬಾಟಲಿ ಬ್ರೇಕ್ ಆಯಿಲನ್ನೂ ಎತ್ತಿಕೊಂಡು ಅವರೂ ಹತ್ತಿದರು. ನಾನು ಹೋಗಲಿಲ್ಲ, ನನಗೆ ತರಗತಿ ಇತ್ತು. ಮುಂದಿನದನ್ನು ಮಿಸ್ಸಿಯವರ ಬಾಯಲ್ಲೂ ಬಂಡಾ ಅವರ ಬಾಯಲ್ಲೂ ಎಷ್ಟೋ ಸಲ ಕೇಳಿದ್ದೇನೆ.

ಏರುದಾರಿಯಲ್ಲಿ ಬ್ರೇಕಿಗೆ ಕೆಲಸ ಕಡಿಮೆ. ಸಾಲುಮನೆಗಳ ಹತ್ತಿರ ಕಾರು ನಿಲ್ಲಿಸಿ ಮಿಸ್ಸಿ ಒಳಗೆ ಹೋದರು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಕರುಪ್ಪಯ್ಯನ ಹೆಂಡತಿ ಸಿವಗಾಮಿಗೆ ಮುಂಜಾನೆಯಿಂದ ನೋವು ಶುರುವಾಗಿತ್ತು. ಬಂಡಾ ಅವರಿಗೆ ಯಾರೋ ಲೋಟದಲ್ಲಿ ಹಾಲಿಲ್ಲದ ಚಹಾ, ಅಂಗೈಗೆ ಒಂದು ತುಂಡು ಬೆಲ್ಲ ತಂದುಕೊಟ್ಟರು. ಅವರಿಗೆ ಅದು ಇಳಿಯಲಿಲ್ಲ. ಆ ಅರ್ಧ ಇಂಚು ತಲೆಯಲ್ಲಿ ಕೊರೆಯುತ್ತಿತ್ತು. ಲೋಟವನ್ನು ಕಲ್ಲಿನ ಮೇಲಿಟ್ಟು ಕಾರಿನ ಹತ್ತಿರ ಹೋಗಿ, ನೆಲಕ್ಕೆ ಮಲಗಿ ಮುಂದಿನ ಚಕ್ರದೊಳಗೆ ಇಣುಕಿದರು. ಗಾಳಿ ನಿಪ್ಪಲ್ಲಿಗೆ ದಾರಿಯ ಕೆಸರು ಮೆತ್ತಿಕೊಂಡಿತ್ತು. ಮೇಲ್ಗಡೆ ಇರಬೇಕಾದದ್ದಕ್ಕೆ ಕೆಸರು ಹೇಗೆ ಮೆತ್ತೀತು ಎಂದು ಒಂದು ಕ್ಷಣ ಯೋಚಿಸಿದರಂತೆ. ಆಮೇಲೆ ಎಲ್ಲವೂ ಅರ್ಥವಾಯಿತು.

ಅಷ್ಟರಲ್ಲಿ ಮಿಸ್ಸಿ ಹೊರಗೆ ಓಡಿಬಂದರು.

"ಕಾರು ತಿರುಗಿಸಿ ಬಾಸ್. ಮಗು ಅಡ್ಡ ಮಲಗಿದೆ. ಇಲ್ಲಿ ನನ್ನ ಕೈಯಲ್ಲಿ ಆಗಲ್ಲ, ಗಂಪೊಲಕ್ಕೆ ಹೋಗ್ಲೇಬೇಕು."

"ಮಿಸ್ಸಿ, ಈ ಕಾರು ಈಗ ಇಳಿಯೋ ಹಾಗಿಲ್ಲ."

"ಏನಂದ್ರಿ?"

"ಬ್ರೇಕಿನಲ್ಲಿ ಗಾಳಿ ಉಳಿದಿದೆ. ಕ್ಯಾಲಿಪರು ತಲೆಕೆಳಗೆ ಕೂರಿಸಿದೀನಿ."

"ನಿನ್ನೆ ಸರಿಯಿದೆ ಅಂದ್ರಲ್ಲ."

"ತಪ್ಪು ಹೇಳಿದೆ. ಮಟ್ಟದ ದಾರೀಲಿ ನಿಲ್ಲುತ್ತೆ. ಐದು ಜೀವ ಹೊತ್ಕೊಂಡು ಆ ತಿರುವುಗಳಲ್ಲಿ ಇಳಿದ್ರೆ ಪೆಡಲ್ಲು ನೆಲ ಮುಟ್ಟುತ್ತೆ. ನಂಗೆ ಅರ್ಧ ಗಂಟೆ ಕೊಡಿ."

"ಅರ್ಧ ಗಂಟೆ ನಂದಲ್ಲ ಕೊಡೋಕೆ, ಅವಳದು" ಎಂದರು ಮಿಸ್ಸಿ. ಆ ಕ್ಷಣ ಬಂಡಾ ಅವರನ್ನು ಕೊಂದುಬಿಡುವಷ್ಟು ಸಿಟ್ಟು ಬಂದಿತ್ತು ಎಂದು ಮಿಸ್ಸಿ ಇಂದಿಗೂ ನಗುತ್ತಾ ಹೇಳುತ್ತಾರೆ. ತೋಟದ ಲಾರಿ ಬೆಳಿಗ್ಗೆಯೇ ಕೆಳಗೆ ಹೋಗಿತ್ತು. ಬೇರೆ ಗಾಡಿ ಇರಲಿಲ್ಲ. "ಇಪ್ಪತ್ತು ನಿಮಿಷ" ಎಂದು ಹೇಳಿ ಮಿಸ್ಸಿ ಒಳಗೆ ಹೋದರು.

ಎಡ ಬಲ ಅದಲು ಬದಲು ಮಾಡಲು ಹೋಸುಗಳನ್ನೂ ಬಿಚ್ಚಬೇಕು, ಎಣ್ಣೆಯೆಲ್ಲ ಚೆಲ್ಲುತ್ತದೆ, ಇಪ್ಪತ್ತು ನಿಮಿಷದಲ್ಲಿ ಆಗುವ ಮಾತಲ್ಲ. ಬಂಡಾ ಅವರು ಬೇರೆ ದಾರಿ ಹಿಡಿದರು. ಚಕ್ರ ಕಳಚಿ, ಕ್ಯಾಲಿಪರನ್ನು ಆಧಾರದಿಂದ ಮಾತ್ರ ಬಿಡಿಸಿ, ಹೋಸಿನ ಸಮೇತ ಕೈಯಲ್ಲಿ ಎತ್ತಿ ಹಿಡಿದು ನಿಪ್ಪಲ್ ಮೇಲಕ್ಕೆ ಬರುವಂತೆ ತಿರುಗಿಸಬೇಕು. ತಟ್ಟೆಯ ಜಾಗದಲ್ಲಿ ಅಷ್ಟೇ ದಪ್ಪದ ಏನನ್ನಾದರೂ ಕಚ್ಚಿಸಬೇಕು, ಇಲ್ಲದಿದ್ದರೆ ಒಳಗಿನ ಪಿಸ್ಟನ್ ಚಿಮ್ಮಿ ಹೊರಗೆ ಬರುತ್ತದೆ. ಚಹಾ ತುಂಬುವ ಪೆಟ್ಟಿಗೆಯ ಹಲಗೆ ಅಂಗಳದಲ್ಲೇ ಬಿದ್ದಿತ್ತು. ಎರಡು ತುಂಡು ಸೇರಿಸಿದರೆ ದಪ್ಪ ಸರಿಹೋಯಿತು. ಪೆಡಲ್ ಒತ್ತಲು ಇನ್ನೊಬ್ಬರು ಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಕರುಪ್ಪಯ್ಯನನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಅವನು ಅದುವರೆಗೆ ಕಾರಿನಲ್ಲಿ ಕುಳಿತವನೇ ಅಲ್ಲ.

"ಒತ್ತು ಅಂದಾಗ ಒತ್ತು. ಬಿಡು ಅಂದಾಗ ಬಿಡು. ನಾನು ಹೇಳದೆ ಕಾಲು ಎತ್ತಬೇಡ."

"ಎತ್ತಲ್ಲ ದೊರೆ."

"ದೊರೆ ಅಲ್ಲಪ್ಪ, ಮೆಕ್ಯಾನಿಕ್ಕು. ಒತ್ತು."

ಒಳಗಿನಿಂದ ಹೆಂಡತಿಯ ಕೂಗು ಕೇಳಿಸುತ್ತಿದ್ದರೂ ಆ ಮನುಷ್ಯ ಬಾಗಿಲ ಕಡೆ ತಿರುಗಿ ನೋಡದೆ, ಒತ್ತು ಎಂದಾಗ ಒತ್ತಿ, ಬಿಡು ಎಂದಾಗ ಬಿಟ್ಟು, ಎರಡೂ ಚಕ್ರಗಳ ಗಾಳಿ ಮುಗಿಯುವವರೆಗೆ ಕುಳಿತಿದ್ದ. ಮೊದಲು ಬಂದ ಗುಳ್ಳೆಗಳು ನೆಲ್ಲಿಕಾಯಿ ಗಾತ್ರ ಇದ್ದವು ಎಂದು ಬಂಡಾ ಅವರು ಹೇಳುತ್ತಾರೆ. ಅವರಿಗೆ ಉತ್ಪ್ರೇಕ್ಷೆಯ ಅಭ್ಯಾಸವಿಲ್ಲ, ಆದರೂ ಇದೊಂದನ್ನು ನಾನು ಪೂರ್ತಿ ನಂಬಿಲ್ಲ. ಕ್ಯಾಲಿಪರುಗಳನ್ನು ಮತ್ತೆ ಆಧಾರಕ್ಕೆ ಬಿಗಿದು, ಚಕ್ರ ಹಾಕಿ, ತಾವೇ ಕುಳಿತು ಪೆಡಲ್ ಒತ್ತಿದರು. ಕಾಲಿಗೆ ಕಲ್ಲು ಸಿಕ್ಕಂತೆ ಅದು ಮೇಲೆಯೇ ನಿಂತಿತು. ಇಪ್ಪತ್ತೈದು ನಿಮಿಷ ಆಗಿತ್ತು.

ಸಿವಗಾಮಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಿಸ್ಸಿಯೂ ಅವಳ ಅತ್ತೆಯೂ ಕುಳಿತರು. ಬಂಡಾ ಅವರು ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಕರುಪ್ಪಯ್ಯ. ಮೊದಲ ತಿರುವಿಗೆ ಮುಂಚೆ ಸಿಗುವ ಪುಟ್ಟ ಇಳಿಜಾರಿನಲ್ಲಿ ಅವರು ಬೇಕೆಂದೇ ಎರಡು ಸಲ ಪೂರ್ತಿ ನಿಲ್ಲಿಸಿ ನೋಡಿದರು. ಮೂರನೆಯ ಸಲ ನಿಲ್ಲಿಸಲು ಹೋದಾಗ ಮಿಸ್ಸಿ ಹಿಂದಿನಿಂದ, "ಸಾಕು ಬಾಸ್, ನಂಬಿದೆ, ಹೋಗಿ" ಎಂದರಂತೆ. ಜಲಪಾತದ ತಿರುವು, ಪುಸ್ಸೆಲ್ಲಾವೆಯ ಇಳಿಜಾರು, ಬಸ್ಸುಗಳು, ಎಮ್ಮೆಗಳು, ಯಾವುದಕ್ಕೂ ಆ ಹಿಡಿತ ಸೋಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರು ಗಂಪೊಲದ ಆಸ್ಪತ್ರೆಯ ಅಂಗಳಕ್ಕೆ ಬಂತು. ಸಿವಗಾಮಿಯನ್ನು ಒಳಗೆ ಕರೆದೊಯ್ದ ಮೇಲೆ ಬಂಡಾ ಅವರು ಪಕ್ಕಕ್ಕೆ ತಿರುಗಿದರೆ ಕರುಪ್ಪಯ್ಯ ಇನ್ನೂ ಸೀಟಿನಲ್ಲೇ ಇದ್ದ. ಬಲಗಾಲು ಕಾರಿನ ನೆಲವನ್ನು ಅದುಮಿ ಹಿಡಿದಿತ್ತು.

"ಇಳಿಯಪ್ಪ, ಬಂದ್ವಿ."

"ನೀವು ಬಿಡು ಅಂತ ಹೇಳಲೇ ಇಲ್ವಲ್ಲ ದೊರೆ" ಎಂದ ಅವನು.

ಸಂಜೆಗೆ ಮುಂಚೆ ಶಸ್ತ್ರಚಿಕಿತ್ಸೆಯಾಗಿ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆ ದಿನದ ಕೆಲಸವನ್ನು ನೆನೆದರೆ, ಯಂತ್ರಗಳ ನಡುವೆಯೇ ಮುದುಕನಾದ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕೈಯ ಚಾತುರ್ಯವಷ್ಟೇ ಆಗಿದ್ದರೆ ಮೆಚ್ಚಿ ಸುಮ್ಮನಾಗುತ್ತಿದ್ದೆ, ಅಂಥ ಚಾತುರ್ಯ ಇನ್ನೂ ಕೆಲವರಲ್ಲಿದೆ. ನೋವಿನಲ್ಲಿ ಕೂಗುತ್ತಿರುವ ಹೆಂಗಸು ಒಳಗೆ, ಸಿಟ್ಟಿನಲ್ಲಿ ಉರಿಯುತ್ತಿರುವ ಮಿಸ್ಸಿ ಎದುರಿಗೆ ಇರುವಾಗ, ದೇವರ ಮೇಲೆ ಭಾರ ಹಾಕಿ ಹೊರಟುಬಿಡುವುದು ಸುಲಭವಾಗಿತ್ತು. ತಪ್ಪು ಹೇಳಿದೆ ಎಂಬ ಎರಡು ಮಾತನ್ನು ಅಲ್ಲಿ ನಿಂತು ಆಡಿದ ಮನುಷ್ಯನ ಮುಂದೆ ನಾನು ತಲೆಬಾಗುತ್ತೇನೆ.

ಮರುದಿನ ಕಾರನ್ನು ಶೆಡ್ಡಿಗೆ ತಂದು ಕ್ಯಾಲಿಪರುಗಳನ್ನು ಅದಲು ಬದಲು ಮಾಡತೊಡಗಿದಾಗ ಮಿಸ್ಸಿ ಕೇಳಿದರು: "ಈಗ ಚೆನ್ನಾಗಿ ಹಿಡೀತಿದೆಯಲ್ಲ, ಮತ್ಯಾಕೆ ಬಿಚ್ತೀರಿ?"

"ಇದು ನಂಗೆ ಉಪಾಯ ಗೊತ್ತಿದೆ ಅಂತ ಹಿಡೀತಿದೆ ಮಿಸ್ಸಿ. ಮುಂದಿನ ಸಲ ಯಾರೋ ಎಣ್ಣೆ ಬದಲಾಯಿಸ್ತಾರೆ, ಅವರಿಗೆ ಗೊತ್ತಿರಲ್ಲ."

ಎಡ ಎಂಬ ಅಚ್ಚಿದ್ದದ್ದು ಬಲಕ್ಕೆ ಹೋಯಿತು. ನನ್ನ ಅಚ್ಚನ್ನು ಅರದಿಂದ ಉಜ್ಜಿ ಅಳಿಸಲು ನಾನು ಮುಂದಾದಾಗ ಅವರು ಬೇಡವೆಂದರು, ಮುಂದೆ ಬಿಚ್ಚುವವನು ನೋಡಿ ಒಂದು ಗಳಿಗೆ ಯೋಚಿಸಲಿ ಎಂದರು. ಆ ಕಾರು ಮತ್ತೆ ಹದಿನಾಲ್ಕು ವರ್ಷ ಆ ದಾರಿಯಲ್ಲಿ ಓಡಿತು.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷ, ಪ್ರತಿ ಹೊಸ ತರಗತಿಯ ಮೊದಲ ದಿನ ಅವರು ಕಪ್ಪು ಹಲಗೆಯ ಮೇಲೆ ಎರಡು ಚಕ್ರ ಬರೆದು, ಕ್ಯಾಲಿಪರುಗಳನ್ನು ತಲೆಕೆಳಗೆ ಬರೆದು, "ಇದು ದಿಂಗಿರಿ ಬಂಡಾ ಮಾಡಿದ ತಪ್ಪು" ಎಂದು ಪಾಠ ಶುರುಮಾಡುತ್ತಿದ್ದರು. ಬೋಧಕನೇ ಹಾಗೆ ಹೇಳಿಕೊಂಡ ಮೇಲೆ ಮುಚ್ಚಿಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ತೊಂಬತ್ತೇಳರಲ್ಲಿ ಒಬ್ಬ ವಿದ್ಯಾರ್ಥಿ, ತಾನು ಚಕ್ರದ ನಟ್ಟು ಬಿಗಿಯಲು ಮರೆತಿದ್ದೇನೆಂದು ನಡುದಾರಿಯಲ್ಲಿ ನೆನಪಾಗಿ, ಸೈಕಲ್ ತುಳಿದುಕೊಂಡು ಹೋಗಿ ಶಾಲಾ ವ್ಯಾನನ್ನು ಅಡ್ಡಗಟ್ಟಿದ. ಅವನನ್ನು ಯಾರೂ ಬೈಯಲಿಲ್ಲ. ಬಂಡಾ ಅವರು ಅವನಿಗೆ ತಮ್ಮ ಊಟದ ಪೊಟ್ಟಣ ಬಿಚ್ಚಿ ಅರ್ಧ ಕೊಟ್ಟರು.

ಆ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಅವರು ನನ್ನ ಹೆಸರು ಎತ್ತಲಿಲ್ಲ. ಅಚ್ಚು ಹೊಡೆದವನು ನಾನು. ಸೆಟ್ಟಾಗುತ್ತೆ ಎಂದವನೂ ನಾನು. ಪಕ್ಕದ ಕೋಣೆಯಲ್ಲಿ ಲೇತಿನ ಸದ್ದಿನ ನಡುವೆ ಆ ಪಾಠ ನನಗೆ ಪ್ರತಿ ವರ್ಷ ಕೇಳಿಸುತ್ತಿತ್ತು. ಪ್ರತಿ ವರ್ಷ ನಾನು ಎದ್ದು ಹೋಗಿ ಹೇಳಬೇಕೆಂದುಕೊಳ್ಳುತ್ತಿದ್ದೆ, ಪ್ರತಿ ವರ್ಷ ಲೇತಿನ ವೇಗ ಹೆಚ್ಚಿಸುತ್ತಿದ್ದೆ. ಇದೇ ನನ್ನ ಅಳುಕು.

ಈ ಲೇಖನಕ್ಕೆ ಕುಳಿತುಕೊಳ್ಳುವ ಮುಂಚೆ ಅವರ ಮನೆಗೆ ಹೋಗಿ, ಅಂಗಳದಲ್ಲಿ ಕೂತು, ಎಲ್ಲವನ್ನೂ ಬರೆಯುತ್ತೇನೆ ಎಂದು ಹೇಳಿದೆ.

"ಬರೀಬೇಡ" ಎಂದರು.

"ಸೆಟ್ಟಾಗುತ್ತೆ ಅಂದಿದ್ದು ನಾನಲ್ವ ಅಣ್ಣ? ಇಷ್ಟು ವರ್ಷ ನೀವ್ಯಾಕೆ ಹೊತ್ಕೊಂಡ್ರಿ?"

ಅವರು ಬಹಳ ಹೊತ್ತು ಯೋಚಿಸಲಿಲ್ಲ. "ನೀನು ಅಂದಿದ್ದು ನಿಜ, ತಮ್ಮಾ. ಆದ್ರೆ ನೀನು ಹೊರಗೆ ನಿಂತಿದ್ದೆ. ಪೆಡಲ್ ಮೇಲೆ ಕಾಲಿದ್ದದ್ದು ನಂದು. ಕಾಲಿಗೆ ಗೊತ್ತಿತ್ತು."

ಅವರ ಮಾತನ್ನು ಮೀರಿ ನಾನಿದನ್ನು ಬರೆದಿದ್ದೇನೆ. ಇಪ್ಪತ್ತು ವರ್ಷ ತಡವಾಗಿ, ಅಚ್ಚಾದ ಗ್ರಂಥದಲ್ಲಿ, ನನ್ನ ಪಾಲಿನ ತಪ್ಪನ್ನು ನನ್ನ ಹೆಸರಿಗೆ ಬರೆದುಕೊಳ್ಳುವುದು ಅವರಿಗೆ ನಾನು ಕೊಡಬಹುದಾದ ಒಂದೇ ಕಾಣಿಕೆ. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಈಗಲೇ ಮೂರು ಮೋರಿಸ್ಸುಗಳು ಬಂದು ಕಾಯುತ್ತಿವೆ, ಆದ್ದರಿಂದ ವಿಶ್ರಾಂತಿ ಸಿಗಲಿ ಎಂದು ಹಾರೈಸಿ ಪ್ರಯೋಜನವಿಲ್ಲ. ಅವರ ಕಣ್ಣು, ಕೈ ಮತ್ತು ಆ ಕಾಲು ನೂರು ವರ್ಷ ಚುರುಕಾಗಿರಲಿ. ನಾಳೆ ಶಾಲೆಯಲ್ಲಿ ಹೊಸ ತರಗತಿ ಆರಂಭವಾಗುತ್ತದೆ, ಮೊದಲ ಪಾಠ ನನ್ನದು. ಹಲಗೆಯ ಮೇಲೆ ಎರಡು ಚಕ್ರ ಬರೆದು ನಾನು ಹೇಳಲಿರುವ ಹೆಸರು ಸೋಮಪಾಲ.

— ಎ. ಜಿ. ಸೋಮಪಾಲ, ಲೇತ್ ವಿಭಾಗ